ರಸ್ತೆಯಂಚಿನ ಕಿಟಕಿ

ಬಹರೇನಿನ ಗುದೈಬಿಯಾದ ಗಲ್ಲಿಗಳಲ್ಲಿ ಕಾರು ನಿಲ್ಲಿಸಲು ಜಾಗ ಸಿಕ್ಕರೆ ಅದೇ ಪುಣ್ಯ. ಸಿಕ್ಕ ಜಾಗ ಬಿಟ್ಟು ಹೊರಟರೆ ಮರಳುವ ಹೊತ್ತಿಗೆ ಅಲ್ಲಿ ಬೇರೆಯವರ ಕಾರು ಇರುತ್ತದೆ. ಆಮೇಲೆ ಕೋಲ್ಡ್ ಸ್ಟೋರ್ ಎನ್ನುವ ಕಿರಾಣಿ ಅಂಗಡಿಯ ಮುಂದೆ, ಮಸೀದಿಯ ಹಿಂದೆ, ಅಂದಲೂಸ್ ಉದ್ಯಾನದ ಸುತ್ತ ಎಷ್ಟು ಪ್ರದಕ್ಷಿಣೆ ಹಾಕಿದರೂ ಜಾಗವಿಲ್ಲ. ಈ ಒಂದು ಕಾರಣಕ್ಕೇ ಶುಕ್ರವಾರ, ಶನಿವಾರದ ರಜೆಯಲ್ಲಿ ಕಾರು ತೆಗೆಯದೆ ಮನೆಯಲ್ಲೇ ಉಳಿದುಬಿಡುವ ಸಂಸಾರಗಳು ನಮ್ಮ ಬೀದಿಯಲ್ಲಿ ಬೇಕಾದಷ್ಟಿವೆ. ವಾರವಿಡೀ ಗಂಡನಿಗೊಂದು ಪಾಳಿ, ಹೆಂಡತಿಗೊಂದು ಪಾಳಿ. ರಜೆಯ ದಿನ ಬಟ್ಟೆ ಒಗೆತ, ಊರಿಗೆ ಫೋನು, ಸಂಜೆ ಒಂದಿಷ್ಟು ಸಾಮಾನು. ಅಷ್ಟರಲ್ಲಿ ಮತ್ತೆ ಭಾನುವಾರ.

ಮಕ್ಕಳು ಓದಲೆಂದು ಊರಿಗೆ ಹೋದ ಮೇಲೆ ಮನೆ ಬಿಕೋ ಎನ್ನತೊಡಗಿತು. ಆಗ ನಾನೂ ನಮ್ಮವರೂ ಜಾಗ ಹೋದರೆ ಹೋಗಲಿ ಎಂದು ಶುಕ್ರವಾರ ಬೆಳಿಗ್ಗೆ ಬಿಸಿಲೇರುವ ಮುಂಚೆ ಹೊರಡುವ ಅಭ್ಯಾಸ ಮಾಡಿಕೊಂಡೆವು. ಹೊರಟರೆ ಎಷ್ಟು ದೂರ ಹೋದೇವು? ಬಹರೇನಿನ ಈ ಮುಖ್ಯ ದ್ವೀಪದ ಉದ್ದ ಸುಮಾರು 50 ಕಿಲೋಮೀಟರು, ಅಗಲ ಅದರ ಮೂರನೇ ಒಂದು ಭಾಗದಷ್ಟು. ಇದಕ್ಕಿಂತ ದೂರ ಓಡಿಸಬೇಕೆಂದರೆ 1986ರಲ್ಲಿ ತೆರೆದ, 25 ಕಿಲೋಮೀಟರು ಉದ್ದದ ಕಿಂಗ್ ಫಹದ್ ಸೇತುವೆ ಹತ್ತಿ ಸೌದಿಗೇ ಹೋಗಬೇಕು. ಇಷ್ಟು ಪುಟ್ಟ ನಾಡಿನಲ್ಲಿ ಬೇಗ ಮುಟ್ಟುವ ಮಾತೇ ಬರುವುದಿಲ್ಲ. ಎಲ್ಲಿ ಇಳಿಯಬೇಕು ಎಂಬುದಷ್ಟೇ ಉಳಿಯುತ್ತದೆ.

ಇಳಿಯುವ ಜಾಗಗಳಿಗೆ ಇಲ್ಲಿ ಕೊರತೆಯಿಲ್ಲ. ಕರ್ಬಾಬಾದ್ ಎಂಬ ಹಳ್ಳಿಯಲ್ಲಿ ಖರ್ಜೂರದ ಗರಿಯಿಂದ ಬುಟ್ಟಿ ಹೆಣೆಯುತ್ತಾರೆ. ಬನಿ ಜಮ್ರಾದಲ್ಲಿ ಮಗ್ಗದ ನೇಯ್ಗೆ ಇನ್ನೂ ಉಸಿರಾಡುತ್ತಿದೆ. ಬುದೈಯದ ಸಸ್ಯೋದ್ಯಾನದಲ್ಲಿ ಚಳಿಗಾಲದ ಶನಿವಾರಗಳಂದು ರೈತರ ಸಂತೆ ನಡೆಯುತ್ತದೆ; ಅಲ್ಲಿ ಮೂಲಂಗಿಯನ್ನೋ ಸೊಪ್ಪನ್ನೋ ಬೆಳೆದವರ ಕೈಯಿಂದಲೇ ಕೊಳ್ಳಬಹುದು. ಕರ್ಬಾಬಾದಿನ ಪಕ್ಕದಲ್ಲೇ ಬಹರೇನ್ ಕೋಟೆ. 2005ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ತಾಣ. ಪ್ರವಾಸಿಗರು ಕೋಟೆಯ ಗೋಡೆಯ ಮೇಲೆ ನಿಂತು ಸಮುದ್ರದ ಫೋಟೋ ತೆಗೆದುಕೊಂಡು ಇಳಿದುಹೋಗುತ್ತಾರೆ. ನನಗೆ ಮಾತ್ರ ಅಲ್ಲಿನ ಒಂದು ಸಣ್ಣ ಕೋಣೆಯ ನೆಲ ಎಷ್ಟು ನೋಡಿದರೂ ಸಾಲದು. ಅದನ್ನು ಮದ್ಬಸಾ ಎನ್ನುತ್ತಾರೆ. ನೆಲಕ್ಕೆ ಗಾರೆ ಬಳಿದು ಸಾಲು ಸಾಲಾಗಿ ಏಣು ಎಬ್ಬಿಸಿದ್ದಾರೆ. ಏಣುಗಳ ನಡುವಿನ ಕಾಲುವೆಗಳೆಲ್ಲ ಒಂದು ಮೂಲೆಯ ಗುಂಡಿಯ ಕಡೆಗೆ ಇಳಿಯುತ್ತವೆ. ಗರಿಯ ಚೀಲಗಳಲ್ಲಿ ಖರ್ಜೂರ ತುಂಬಿ ಒಂದರ ಮೇಲೊಂದು ಪೇರಿಸಿಟ್ಟು ಬಾಗಿಲು ಹಾಕಿಬಿಡುತ್ತಿದ್ದರಂತೆ. ಹಿಂಡುವುದೂ ಇಲ್ಲ, ಕುದಿಸುವುದೂ ಇಲ್ಲ. ಸೆಕೆಗೆ, ಮೇಲಿನ ಚೀಲಗಳ ಭಾರಕ್ಕೆ ರಸ ತಾನಾಗಿ ಒಸರಿ, ಕಾಲುವೆ ಹಿಡಿದು ಗುಂಡಿಯಲ್ಲಿ ಕೂಡಿಕೊಳ್ಳುತ್ತದೆ. ಇಂಥದೇ ಕೋಣೆಗಳು ಕ್ರಿಸ್ತಪೂರ್ವ ಎರಡನೆಯ ಸಹಸ್ರಮಾನದ ನಡುಗಾಲದಲ್ಲೇ ಇಲ್ಲಿದ್ದವೆಂದು ಉತ್ಖನನದಲ್ಲಿ ಗೊತ್ತಾಗಿದೆ. ಮೂರೂವರೆ ಸಾವಿರ ವರ್ಷಗಳ ಹಿಂದೆ ಆಗ ದಿಲ್ಮುನ್ ಎನ್ನಿಸಿಕೊಂಡಿದ್ದ ಈ ನಾಡಿನ ಜನ ಸಿಹಿಯನ್ನು ಹೀಗೆ ಕಾದು ಪಡೆಯುತ್ತಿದ್ದರು.

ದಕ್ಷಿಣಕ್ಕೆ ಹೋದರೆ ಮರಳು, ಎಣ್ಣೆಯ ಕೊಳವೆಗಳು, 1932ರಲ್ಲಿ ಕೊಲ್ಲಿಯ ಅರಬ್ ದಂಡೆಯಲ್ಲಿ ಮೊದಲು ತೈಲ ಉಕ್ಕಿದ ಬಾವಿ. ಅವುಗಳ ಆಚೆ ಒಂಟಿಯಾಗಿ ನಿಂತ ‘ಜೀವವೃಕ್ಷ’. ನಾನೂರು ವರ್ಷ ದಾಟಿದ, ಹತ್ತು ಮೀಟರಿಗೆ ತುಸು ಕಡಿಮೆ ಎತ್ತರದ ಈ ಮರವನ್ನು ನೋಡಲು ಲೋಕದ ಎಲ್ಲೆಡೆಯಿಂದ ಜನ ಬರುತ್ತಾರೆ. ಹತ್ತಿರ ಹೋಗಿ ಎಲೆ ನೋಡಿದರೆ ಉತ್ತರ ಕರ್ನಾಟಕದವರಿಗೆ ಬೇರೆ ಪರಿಚಯ ಬೇಡ. ಅದು ನಮ್ಮ ಬನ್ನಿ. ಪಾಂಡವರು ಅಜ್ಞಾತವಾಸಕ್ಕೆ ಮುಂಚೆ ಆಯುಧಗಳನ್ನು ಮುಚ್ಚಿಟ್ಟ ಶಮೀವೃಕ್ಷ. ವಿಜಯದಶಮಿಯ ಸಂಜೆ ಊರ ಹೊರಗೆ ಹೋಗಿ ತಂದು, ಹಿರಿಯರ ಕೈಗಿಟ್ಟು ಕಾಲಿಗೆ ಬೀಳುವ ಬಂಗಾರ. ಈಗ ಸುತ್ತ ಬೇಲಿಯಿದೆ, ಕಾಂಡದ ಮೇಲೆ ಹೆಸರು ಕೊರೆಯುವವರ ಕಾಟ ತಪ್ಪಿದೆ. ಬೇಲಿಯಾಚೆ ನಿಂತೇ ಕೈಮುಗಿದೆವು. ದಸರೆಗೆ ಊರಿಗೆ ಹೋಗಲಾಗದ ವರ್ಷಗಳಲ್ಲಿ ನಮಗೆ ಅದೇ ಸೀಮೋಲ್ಲಂಘನ.

ಹೀಗೆ ತಿರುಗುತ್ತ ತಿರುಗುತ್ತ ಒಂದು ಸಂಗತಿ ನನಗೆ ಹೊಳೆಯಿತು. ಬಹರೇನಿನಲ್ಲೂ ಮೊದಲು ನಮ್ಮಂತೆ ರಸ್ತೆಯ ಎಡಬದಿಗೇ ವಾಹನ ಓಡಿಸುತ್ತಿದ್ದರು. 1967ರ ನವೆಂಬರಿನಲ್ಲಿ ಬಲಬದಿಗೆ ಬದಲಾಯಿಸಿದರು. ಹಾಗಾಗಿ ಇಲ್ಲಿ ಓಡಿಸುವವರು ಎಡಕ್ಕೆ ಕೂರುತ್ತಾರೆ, ನಾನು ಬಲಕ್ಕೆ. ಊರಿಗೆ ಹೋದಾಗ ಅವರು ಬಲಕ್ಕೆ, ನಾನು ಎಡಕ್ಕೆ. ಆದರೆ ಇಲ್ಲಾಗಲಿ ಊರಲ್ಲಾಗಲಿ ಸ್ಟಿಯರಿಂಗ್ ಹಿಡಿದವರ ಕಿಟಕಿ ಇರುವುದು ರಸ್ತೆಯ ನಡುಗೆರೆಯ ಕಡೆ. ಎದುರಿನಿಂದ ನುಗ್ಗುವ ಲಾರಿ, ಪಕ್ಕದಲ್ಲಿ ಹಿಂದೆ ಹಾಕುವ ಕಾರು, ಕನ್ನಡಿ, ವೇಗದ ಮುಳ್ಳು, ಇಷ್ಟೇ ಅವರ ಪಾಲಿಗೆ. ಅವರು ಅಷ್ಟು ಎಚ್ಚರದಲ್ಲಿ ಕೂತಿರುವುದರಿಂದಲೇ ಇನ್ನೊಬ್ಬರು ನೆಮ್ಮದಿಯಾಗಿ ಹೊರಗೆ ನೋಡಬಹುದು. ಪಕ್ಕದವರ ಕಿಟಕಿ ಯಾವಾಗಲೂ ರಸ್ತೆಯ ಅಂಚಿಗೆ. ಅಂಗಡಿ, ಬೇಲಿ, ಹಿತ್ತಿಲು, ಬುಟ್ಟಿ ಇಟ್ಟುಕೊಂಡು ಕೂತ ಅಜ್ಜಿ, ಎಲ್ಲ ಕಾಣುವುದು ಅಲ್ಲಿಂದ. ಊರು ಕಾಣುವ ಕಣ್ಣು ಒಬ್ಬರದು, ಬ್ರೇಕಿನ ಮೇಲಿನ ಕಾಲು ಇನ್ನೊಬ್ಬರದು.

ವರ್ಷದ ರಜೆಗೆ ಊರಿಗೆ ಹೋದರೆ ನಮ್ಮಂಥವರ ದಿನಗಳು ನಮ್ಮವಾಗಿರುವುದಿಲ್ಲ. ಬ್ಯಾಂಕು, ಆಧಾರ್, ಹಲ್ಲಿನ ಡಾಕ್ಟರು, ಮದುವೆ ಮನೆ, ಹೋಗದಿದ್ದರೆ ಬೇಜಾರು ಮಾಡಿಕೊಳ್ಳುವ ನೆಂಟರು. ಈ ಸಲ ಫೆಬ್ರುವರಿಯಲ್ಲಿ ಹೋದವರು ಒಂದಷ್ಟು ದಿನ ಎತ್ತಿಟ್ಟುಕೊಂಡು ಹುಬ್ಬಳ್ಳಿಯಿಂದ ವಿಜಯಪುರದ ಕಡೆಗೆ ಕಾರಿನಲ್ಲಿ ಹೊರಟೆವು. ದೊಡ್ಡ ಹೆದ್ದಾರಿಗಳಿಗೆ ಈಗ ಊರುಗಳ ಹಂಗಿಲ್ಲ. ಬೈಪಾಸಿನ ಮೇಲೆ ಹಸಿರು ಫಲಕ ಓದುವಷ್ಟರಲ್ಲಿ ಊರು ಹಿಂದೆ ಬಿದ್ದಿರುತ್ತದೆ. ಊರೊಳಗಿನ ಹಾದಿ ಹಿಡಿಯೋಣ ಎಂದೆ, ಅವರು ಒಪ್ಪಿದರು. ನವಲಗುಂದ ಬಂತು. ಒಂದು ಮನೆಯಲ್ಲಿ ಹೆಣ್ಣುಮಕ್ಕಳು ನೆಟ್ಟಗೆ ನಿಂತ ಮಗ್ಗದ ಮುಂದೆ ಕೂತು ಜಮಖಾನ ನೇಯುತ್ತಿದ್ದರು. ನರಗುಂದದ ಗುಡ್ಡ ಬಂತು. 1858ರಲ್ಲಿ ಇಲ್ಲಿನ ದೊರೆ ಬಾಬಾಸಾಹೇಬರು ಬ್ರಿಟಿಷರ ವಿರುದ್ಧ ಎದ್ದು ನಿಂತ ಊರು. ಈ ಎರಡೂ ಊರು 1980ರ ರೈತ ಬಂಡಾಯದ ನೆಲ. ಕೆರೂರು, ಬೀಳಗಿ ದಾಟಿ ಕೃಷ್ಣೆಯ ಹಿನ್ನೀರಿನ ಮೇಲಿನ ಉದ್ದನೆಯ ಸೇತುವೆಗೆ ಬಂದರೆ ಆಚೆ ದಡಕ್ಕೆ ಕೊಲ್ಹಾರ. ಕೊಲ್ಹಾರದ ಮೊಸರು ಮಣ್ಣಿನ ಗಡಿಗೆಯಲ್ಲೇ ಹೆಪ್ಪಾಗುತ್ತದೆ. ಗಡಿಗೆ ನೀರನ್ನೆಲ್ಲ ಹೀರಿಕೊಂಡು ಮೊಸರನ್ನು ಚಾಕುವಿನಿಂದ ಕೊಯ್ಯುವಷ್ಟು ಗಟ್ಟಿ ಮಾಡಿರುತ್ತದೆ. ಬಿಸಿ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಮೇಲೆ ಆ ಮೊಸರು. ನಮ್ಮವರು ಎರಡನೇ ಗಡಿಗೆ ಕೇಳಿದರು.

ಗಂಡ ಹೆಂಡತಿ ಕಾರು ಮಾಡಿಕೊಂಡು ದ್ರಾಕ್ಷಿಯ ಸೀಮೆ ಸುತ್ತುವುದು ಈಚೆಗೆ ಲೋಕದ ತುಂಬ ಪ್ರಿಯವಾದ ಪ್ರವಾಸ. ಫ್ರಾನ್ಸಿನಲ್ಲಿ, ಇಟಲಿಯಲ್ಲಿ, ಕ್ಯಾಲಿಫೋರ್ನಿಯಾದ ನಾಪಾ ಕಣಿವೆಯಲ್ಲಿ ಇದೇ ಒಂದು ದೊಡ್ಡ ಕಸುಬು. ನಮ್ಮಲ್ಲೂ ನಂದಿಬೆಟ್ಟದ ತಪ್ಪಲಲ್ಲಿ, ದೊಡ್ಡಬಳ್ಳಾಪುರದ ಹತ್ತಿರ 1988ರಲ್ಲಿ ಶುರುವಾದ ಗ್ರೋವರ್ ದ್ರಾಕ್ಷಿತೋಟವಿದೆ. 2007ರಲ್ಲಿ ರಾಜ್ಯ ಸರ್ಕಾರ ದ್ರಾಕ್ಷಾರಸ ನೀತಿ ತಂದಿತು, ವೈನ್ ಮಂಡಳಿ ಕಟ್ಟಿತು. ಬೆಂಗಳೂರಿನಿಂದ ಶನಿವಾರ ಭಾನುವಾರ ಅಲ್ಲಿಗೆಲ್ಲ ಜನ ಹೋಗುತ್ತಾರೆ, ತೋಟ ನೋಡಿ ರುಚಿ ನೋಡಿ ಬರುತ್ತಾರೆ. ಹೋಗಲಿ, ಚೆಂದದ ಜಾಗಗಳು. ಮರಳುವಾಗ ಓಡಿಸಬೇಕಾದವರು ಮಾತ್ರ ಲೋಟ ಮುಟ್ಟದೆ ಇರಬೇಕು, ಅಷ್ಟೇ. ಆದರೆ ಕರ್ನಾಟಕದ ದ್ರಾಕ್ಷಿಯ ದೊಡ್ಡ ಕಥೆ ಇರುವುದು ವಿಜಯಪುರ ಜಿಲ್ಲೆಯಲ್ಲಿ. ಅಲ್ಲಿ ಹಣ್ಣಿನ ಬಹುಪಾಲು ಬಾಟಲಿ ಸೇರುವುದಿಲ್ಲ. ಅದು ಮನೂಕವಾಗುತ್ತದೆ, ನಮ್ಮ ಪಾಯಸದ, ಶಿರಾದ, ಬಾಣಂತಿಯ ಅಂಟಿನುಂಡೆಯ ಒಣದ್ರಾಕ್ಷಿ.

ವಿಜಯಪುರದಿಂದ ತಿಕೋಟಾದ ಕಡೆ ಹೊರಟಾಗ ಬಿಸಿಲು ನೆತ್ತಿಗೆ ಬಂದಿತ್ತು. ರಸ್ತೆಯ ಎರಡೂ ಬದಿ ಕಲ್ಲು ಕಂಬ, ತಂತಿ, ಅದರ ಮೇಲೆ ಹಬ್ಬಿದ ಬಳ್ಳಿಯ ಚಪ್ಪರ. ಒಂದು ತೋಟದ ಮುಂದೆ ಹಸಿರು ಪರದೆ ಇಳಿಬಿಟ್ಟ ಉದ್ದನೆಯ ಶೆಡ್ಡು ಕಂಡಿತು. ಇಲ್ಲಿ ನಿಲ್ಲಿಸಿ ಎಂದೆ, ನಿಲ್ಲಿಸಿದರು. ತೋಟದ ಯಜಮಾನರು ಯಾರು, ಏನು ಎಂದು ಕೇಳುವ ಮೊದಲೇ ನೀರು ಕೊಟ್ಟರು. ಅವರ ಮನೆಯಾಕೆ ಚಪ್ಪರದೊಳಗೆ ಕರೆದುಕೊಂಡು ಹೋದರು. ಬಗ್ಗಿ ನಡೆಯಬೇಕು, ತಲೆ ಎತ್ತಿದರೆ ಗೊಂಚಲು ಹಣೆಗೆ ತಾಗುತ್ತದೆ. ಹೊರಗಿನ ಬಿಸಿಲು ಎಲೆಗಳಲ್ಲಿ ಸೋಸಿ ಬಂದು ಎಲ್ಲರ ಮುಖದ ಮೇಲೂ ಹಸಿರು ಹಚ್ಚಿತ್ತು. ಏಪ್ರಿಲ್ಲಿನಲ್ಲೊಂದು ಚಾಟ್ನಿ, ಅಕ್ಟೋಬರಿನಲ್ಲೊಂದು ಚಾಟ್ನಿ ಎಂದು ಆಕೆ ವಿವರಿಸಿದರು. ಮೊದಲ ಸಲ ಸವರುವುದು ಕಡ್ಡಿ ಬಲಿಯಲಿ ಎಂದು, ಎರಡನೇ ಸಲ ಹಣ್ಣಿಗೆ. ಎರಡರ ನಡುವೆ ಬಳ್ಳಿಯ ಆರೈಕೆಯಲ್ಲಿ ಮನೆಮಂದಿಗೆ ಹಬ್ಬವೂ ನೆನಪಿರುವುದಿಲ್ಲವಂತೆ.

ಶೆಡ್ಡಿನೊಳಗೆ ಬಲೆಯ ಅಟ್ಟಗಳು ಅಂತಸ್ತು ಅಂತಸ್ತಾಗಿ ಏರಿದ್ದವು. ಕೊಯ್ದ ಗೊಂಚಲನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದಿ ತೆಗೆದು ಅಟ್ಟಕ್ಕೆ ಹರಡುತ್ತಾರೆ. ಹಣ್ಣಿನ ಮೇಲಿನ ಮೇಣದ ಪದರ ಸಡಿಲವಾಗಿ ಒಳಗಿನ ನೀರು ಬೇಗ ಆರುತ್ತದೆ. ನೇರ ಬಿಸಿಲು ತಾಗಿದರೆ ಕಂದು ಬಣ್ಣ ಬರುತ್ತದೆ, ಪರದೆಯ ನೆರಳಿನಲ್ಲಿ ಗಾಳಿಗೆ ಒಣಗಿದರೆ ಹಸಿರು ಉಳಿಯುತ್ತದೆ. ಎರಡು ವಾರದ ಆಸುಪಾಸು ಬೇಕು. ನಾಲ್ಕು ಕಿಲೋ ಹಣ್ಣು ಆರಿ ಒಂದು ಕಿಲೋ ಮನೂಕ. ಆ ಎರಡು ವಾರ ಮಳೆ ಬಂದರೆ? ಯಜಮಾನರು ಪರದೆ ಸರಿಸಿ ಒಮ್ಮೆ ಮೇಲೆ ನೋಡಿದರು. “ಮುಗಿಲಾಗ ಮಾಡ ಕಂಡ್ರ ಸಾಕ್ರಿ, ಎದಿ ಝಲ್ಲ ಅಂತೈತಿ” ಎಂದರು. ಸರಕು ತಾಸಗಾಂವ್, ಸಾಂಗಲಿಯ ಪೇಟೆಗೆ ಹೋಗುತ್ತದೆ, ದರ ಅಲ್ಲಿಯವರ ಕೈಯಲ್ಲಿ. ನಾನು ಒಂದು ಕಾಳು ಬಾಯಿಗೆ ಹಾಕಿಕೊಂಡೆ. ಮೊದಲು ಹುಳಿ ಸುಳಿದು ಆಮೇಲೆ ಸಿಹಿ ಬಂತು. ಕೋಟೆಯ ಮದ್ಬಸಾದಲ್ಲಿ ಭಾರಕ್ಕೆ ಒಸರಿದ ಸಿಹಿ ಇಲ್ಲಿ ಗಾಳಿಗೆ ಗಟ್ಟಿಯಾಗಿತ್ತು. ಎರಡು ಕಡೆಯೂ ಮನುಷ್ಯ ಮಾಡುವುದು ಸಿದ್ಧತೆಯನ್ನಷ್ಟೇ, ಉಳಿದದ್ದಕ್ಕೆ ಕಾಯಬೇಕು. ಹೊರಡುವಾಗ ಚೀಲ ತುಂಬಿಸಿಕೊಂಡು ಅವರು ಹೇಳಿದ ದರ ಕೊಟ್ಟೆವು. ಮಾಲ್‌ನಲ್ಲಿ ಚೀಟಿ ಅಂಟಿಸಿದ ಬೆಲೆಗೆ ತುಟಿ ಬಿಚ್ಚದ ನಾವು ಹೊಲದ ಬದುವಿನ ಮೇಲೆ ನಿಂತು ಚೌಕಾಸಿ ಮಾಡುವುದು ನನಗೆ ಸರಿ ಕಾಣುವುದಿಲ್ಲ.

“ಬರ್ತಾ ನಿಲ್ಲಿಸೋಣ.” ನಮ್ಮ ಮನೆಗಳ ಕಾರುಗಳಲ್ಲಿ ಈ ಮಾತು ಕೇಳದವರು ಕಡಿಮೆ. ಓಡಿಸುವವರಿಗೆ ಕತ್ತಲಾಗುವ ಮುಂಚೆ ಮುಟ್ಟುವ ಚಿಂತೆ, ಅದು ಸುಳ್ಳಲ್ಲ. ಆದರೆ ಬರುವಾಗ ದಾರಿ ಬೇರೆಯಾಗಿರುತ್ತದೆ, ಇಲ್ಲವೇ ಸಂತೆ ಮುಗಿದಿರುತ್ತದೆ, ಇಲ್ಲವೇ ಕೇಳಿದವರಿಗೇ ಆಸೆ ಆರಿಹೋಗಿರುತ್ತದೆ. ಕೊಲ್ಲಿಯ ಸಂಸಾರಗಳಲ್ಲಂತೂ ಈ ಮಾತು ಕಾರಿನಿಂದ ಇಳಿದು ಬಾಳಿನೊಳಕ್ಕೇ ಬಂದು ಕೂತಿರುತ್ತದೆ. ಸಾಲ ತೀರಲಿ, ಮನೆ ಕಟ್ಟಿಯಾಗಲಿ, ಮಗಳ ಓದು ಮುಗಿಯಲಿ, ಇನ್ನೊಂದು ಕಾಂಟ್ರಾಕ್ಟ್ ಆಗಲಿ, ಆಮೇಲೆ ಇಬ್ಬರೂ ಎಲ್ಲಾದರೂ ಹೋಗೋಣ. ಹಾಗೆ ಹೇಳುತ್ತ ಅರವತ್ತಕ್ಕೆ ಬಂದು, ಮಂಡಿ ನೋವಿನಿಂದ ಕಾರು ಇಳಿಯಲಾರದ ದಂಪತಿಯನ್ನು ನಾನು ಬಲ್ಲೆ. ಅವರು ಒಳ್ಳೆಯವರು, ಒಬ್ಬರಿಗೊಬ್ಬರು ಏನೂ ಕಡಿಮೆ ಮಾಡಿದವರಲ್ಲ. ನಿಲ್ಲಿಸಿ ಎಂದಾಗ ಆ ಹೊತ್ತಿಗೇ, ಆ ಜಾಗದಲ್ಲೇ ನಿಲ್ಲಿಸುವುದಕ್ಕೆ ಹತ್ತು ನಿಮಿಷ ಸಾಕಿತ್ತು. ದಾಂಪತ್ಯದಲ್ಲಿ ದೊಡ್ಡ ತ್ಯಾಗಗಳಿಗಿಂತ ಇಂಥ ಹತ್ತು ನಿಮಿಷಗಳೇ ಹೆಚ್ಚು ಬಾಳಿಕೆ ಬರುತ್ತವೆ ಎಂದು ನಾನು ನಂಬಿದ್ದೇನೆ.

ಇದನ್ನೆಲ್ಲ ಮಾತಾಡಿಕೊಂಡು ಗುದೈಬಿಯಾಕ್ಕೆ ಮರಳಿದ ಮೇಲೆ ನಮ್ಮ ಕಾರಿನ ಹಿಂದಿನ ಸೀಟು ಕಣ್ಣಿಗೆ ಬಿತ್ತು. ಸಂಸಾರವನ್ನು ಇಲ್ಲಿಗೆ ಕರೆಸಿಕೊಳ್ಳಬೇಕೆಂದರೆ ಇಂತಿಷ್ಟು ಸಂಬಳ ಇರಲೇಬೇಕು ಎಂಬ ನಿಯಮವಿದೆ. ಅಷ್ಟಿಲ್ಲದವರು ನಮ್ಮ ಸುತ್ತಲಿನ ಕಟ್ಟಡಗಳಲ್ಲಿ ಕೋಣೆಗೆ ನಾಲ್ಕಾರು ಮಂದಿಯಂತೆ ಇದ್ದಾರೆ. ಹೆಂಡತಿ ಮಕ್ಕಳು ಫೋನಿನ ಪರದೆಯ ಮೇಲೆ. ಕಂಪನಿಯ ಬಸ್ಸು ಕೆಲಸದ ಜಾಗಕ್ಕೆ ಒಯ್ಯುತ್ತದೆ, ಕೋಣೆಗೆ ತಂದು ಬಿಡುತ್ತದೆ. ಇಷ್ಟು ಪುಟ್ಟ ದ್ವೀಪದಲ್ಲಿ ವರ್ಷಗಟ್ಟಲೆ ಇದ್ದೂ ಬನ್ನಿಮರ ನೋಡದವರು ಅವರು. ಕಾರಿಗೆ ಹತ್ತಿಸಿಕೊಂಡರೂ ಅವರು ನಿಲ್ಲಿಸಿ ಎನ್ನುವುದಿಲ್ಲ. ಹೆಂಡತಿಯಾದರೆ ಇವತ್ತಲ್ಲ ನಾಳೆ ಸಿಟ್ಟಿನಲ್ಲಾದರೂ ಕೇಳಿಯಾಳು. ಹಿಂದಿನ ಸೀಟಿನವರು ಸಂಕೋಚದಿಂದ ಮೊಣಕಾಲು ಕೂಡಿಸಿಕೊಂಡು ಕೂತಿರುತ್ತಾರೆ. ಅವರನ್ನು ನಾವೇ ಕೇಳಬೇಕು.

ನಮ್ಮ ಕೆಳಮಹಡಿಯಲ್ಲಿ ಬಾಗಲಕೋಟೆ ಕಡೆಯ ಒಬ್ಬ ಯುವಕನಿದ್ದಾನೆ, ಎ.ಸಿ. ರಿಪೇರಿ ಕೆಲಸ. ಒಂದು ಶನಿವಾರ ಕರೆದೆವು. ಎಲ್ಲಿಗೆ ಹೋಗೋಣ ಎಂದರೆ “ನೀವು ಹೋದಲ್ಲಿ” ಎಂದ. ಮತ್ತೆ ಮತ್ತೆ ಕೇಳಿದ ಮೇಲೆ, ಇಲ್ಲಿ ಎಲ್ಲೋ ಗಡಿಗೆ ಮಾಡುತ್ತಾರಂತಲ್ಲ, ಅದನ್ನು ನೋಡಬೇಕಿತ್ತು ಎಂದ. ಅವನದು ಕುಂಬಾರರ ಮನೆ. ಅಪ್ಪ ಇನ್ನೂ ತಿಗರಿ ತಿರುಗಿಸುತ್ತಾರೆ. ಆಲಿ ಎಂಬ ಕುಂಬಾರರ ಊರಿಗೆ ಹೋದೆವು. 2019ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ದಿಲ್ಮುನ್ ಕಾಲದ ಸಮಾಧಿದಿಬ್ಬಗಳು ಮನೆಗಳ ನಡುನಡುವೆಯೇ ಎದ್ದು ನಿಂತ ಊರು ಅದು. ಹಿಂದೆ ಕುಂಬಾರರು ಆ ದಿಬ್ಬಗಳನ್ನೇ ಕೊರೆದು ಆವಿಗೆ ಮಾಡಿಕೊಂಡಿದ್ದರು. ನಾವು ದಿಬ್ಬ ನೋಡುತ್ತ ನಿಂತೆವು, ಅವನು ಸೀದಾ ಚಕ್ರದ ಹತ್ತಿರ ಹೋದ. ಒಣಗಿಸಿಟ್ಟ ಒಂದು ಮಡಕೆಯ ಕಂಠದ ಸುತ್ತ ಹೆಬ್ಬೆರಳು ಆಡಿಸಿದ, ಸುಟ್ಟ ಇನ್ನೊಂದನ್ನು ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟ. ವಯಸ್ಸಾದ ಕುಂಬಾರ ಅದನ್ನು ಕಂಡವರೇ ಚಕ್ರದಿಂದ ತುಸು ಸರಿದು ಜಾಗ ಕೊಟ್ಟರು. ಅವರಿಗೆ ಕನ್ನಡ ಬಾರದು, ಇವನಿಗೆ ಅರಬ್ಬಿ ಅಷ್ಟಕ್ಕಷ್ಟೇ. ಜೇಡಿಗೆ ಎಷ್ಟು ನೀರು, ಆವಿಗೆಗೆ ಎಷ್ಟು ಹೊತ್ತು, ಎಲ್ಲ ಕೈಸನ್ನೆಯಲ್ಲೇ ನಡೆಯಿತು. ನಮ್ಮವರು ಒಮ್ಮೆಯೂ ಗಡಿಯಾರ ನೋಡಲಿಲ್ಲ.

ಮರಳುವ ದಾರಿಯಲ್ಲಿ ಹಿಂದಿನ ಸೀಟಿನಿಂದ “ಇಲ್ಲಿ ಸ್ವಲ್ಪ ನಿಲ್ಲಿಸ್ರಿ ಸರ್” ಎಂಬ ದನಿ ಬಂತು. ಕರಕ್ ಚಹಾದ ಅಂಗಡಿ. ಅವನೇ ಇಳಿದು ಹೋಗಿ ಮೂವರಿಗೂ ತಂದ. ನಮ್ಮವರ ಕೈ ಜೇಬಿಗೆ ಹೋಗಿತ್ತು, ನಾನು ಮೆಲ್ಲಗೆ ತಡೆದೆ. ಚಹಾದ ದುಡ್ಡು ಅವನೇ ಕೊಟ್ಟ.